ನೋಡಿದ ವಸ್ತುವನ್ನು ಮೆದುಳು ಗುರುತಿಸುವ ಕ್ಷಣ: ಇಇಜಿ ಪ್ರಯೋಗಕ್ಕೊಂದು ಸಮಗ್ರ ಮಾರ್ಗದರ್ಶಿ

ಬಿಂದಿಗೆಯ ಚಿತ್ರವೊಂದು ಪರದೆಯ ಮೇಲೆ ಮಿಂಚಿ ಮರೆಯಾದರೂ ಅದು ಬಿಂದಿಗೆಯೇ ಹೊರತು ಚೆಂಬಲ್ಲ ಎಂದು ನೋಡಿದವರಿಗೆ ತಿಳಿದುಬಿಡುತ್ತದೆ. ಈ ಗುರುತಿಸುವಿಕೆ ಎಷ್ಟು ಬೇಗ ನಡೆಯುತ್ತದೆಂಬುದನ್ನು 1996ರಲ್ಲಿ ಫ್ರಾನ್ಸಿನ ಸೈಮನ್ ಥಾರ್ಪ್ ಮತ್ತು ಸಂಗಡಿಗರು ಸರಳವಾದ ಪ್ರಯೋಗವೊಂದರಿಂದ ತೋರಿಸಿಕೊಟ್ಟರು. ಹಿಂದೆಂದೂ ಕಂಡಿರದ ಛಾಯಾಚಿತ್ರಗಳನ್ನು ತಲಾ 20 ಮಿಲಿಸೆಕೆಂಡು ಮಾತ್ರ ತೋರಿಸಿ, ಅದರಲ್ಲಿ ಪ್ರಾಣಿಯಿದೆಯೇ ಇಲ್ಲವೇ ಎಂದು ನಿರ್ಧರಿಸಲು ಹೇಳಿದಾಗ, ಎರಡು ಬಗೆಯ ಚಿತ್ರಗಳಿಗೆ ನೆತ್ತಿಯ ಮೇಲೆ ದೊರೆತ ವಿದ್ಯುತ್ ಸಂಕೇತಗಳು (ಇವನ್ನು ದಾಖಲಿಸುವ ವಿಧಾನವೇ ಇಇಜಿ) ಸುಮಾರು 150 ಮಿಲಿಸೆಕೆಂಡಿನ ಹೊತ್ತಿಗೇ ಬೇರೆ ಬೇರೆಯಾಗಿದ್ದವು. ಅದೇ ವರ್ಷ ಶ್ಲೋಮೊ ಬೆಂಟಿನ್ ಮತ್ತು ಸಂಗಡಿಗರು, ಮುಖದ ಚಿತ್ರ ಕಂಡಾಗ ತಲೆಯ ಹಿಂಬದಿಯ ಎರಡೂ ಪಕ್ಕಗಳಲ್ಲಿ ಸುಮಾರು 170 ಮಿಲಿಸೆಕೆಂಡಿಗೆ ದೊಡ್ಡದೊಂದು ಋಣ ಅಲೆ ಏಳುತ್ತದೆಂದು ವರದಿ ಮಾಡಿದರು. ಇಂದಿಗೂ ಅದಕ್ಕೆ ಎನ್170 ಎಂದೇ ಹೆಸರು.

ಇಂಥ ಪ್ರಯೋಗವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ, ಕಂಪ್ಯೂಟರ್ ವಿಜ್ಞಾನದಿಂದ ಈ ಕಡೆಗೆ ಬಂದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂದು ವಿಶ್ಲೇಷಣೆಯ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಅವುಗಳನ್ನು ಬಳಸುವುದನ್ನು ಕಲಿಯುವುದೂ ಕಷ್ಟವಲ್ಲ. ಆದರೆ ಚಿತ್ರಗಳ ಆಯ್ಕೆ ಮತ್ತು ಅವುಗಳ ಕ್ರಮದಲ್ಲಿ ಆದ ತಪ್ಪನ್ನು ಆಮೇಲೆ ಯಾವ ತಂತ್ರಾಂಶವೂ ಸರಿಪಡಿಸಲಾರದು. ಹಾಗಾಗಿ ಸಂಕೇತ ಹಿಡಿಯುವ ಎಲೆಕ್ಟ್ರೋಡುಗಳ ಟೋಪಿ ತೊಡಿಸುವ ಮುಂಚಿನ ಹೆಜ್ಜೆಗಳಿಗೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಇಇಜಿಗೆ ತಕ್ಕ ಪ್ರಶ್ನೆ

ಜರ್ಮನಿಯ ಯೆನಾ ನಗರದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೆದುಳಿನ ತರಂಗಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದ ಕಾಲದಿಂದ ಇಂದಿನವರೆಗೂ ಈ ವಿಧಾನದ ಬಲವೂ ಮಿತಿಯೂ ಬದಲಾಗಿಲ್ಲ. ಸಾವಿರಾರು ನರಕೋಶಗಳ ಸಣ್ಣ ಸಣ್ಣ ವಿಭವಗಳು ಒಟ್ಟುಗೂಡಿ, ತಲೆಬುರುಡೆಯನ್ನು ದಾಟುವಾಗ ಹರಡಿ ಮಸುಕಾಗಿ, ಕೊನೆಗೆ ಕೆಲವೇ ಮೈಕ್ರೋವೋಲ್ಟುಗಳಾಗಿ ಚರ್ಮಕ್ಕೆ ತಲುಪುತ್ತವೆ. ಈ ಕಾರಣದಿಂದ ‘ಯಾವಾಗ’ ಎಂಬ ಪ್ರಶ್ನೆಗೆ ಇಇಜಿ ಮಿಲಿಸೆಕೆಂಡಿನ ಮಟ್ಟದಲ್ಲಿ ಉತ್ತರಿಸುತ್ತದೆಯಾದರೂ ‘ಮೆದುಳಿನ ಯಾವ ಮೂಲೆಯಲ್ಲಿ’ ಎಂಬ ಪ್ರಶ್ನೆಗೆ ಒರಟಾದ ಊಹೆಗಿಂತ ಹೆಚ್ಚಿನದನ್ನು ಕೊಡುವುದಿಲ್ಲ. ‘ವಸ್ತುಗಳನ್ನು ಮೆದುಳು ಹೇಗೆ ಗುರುತಿಸುತ್ತದೆ’ ಎಂಬಷ್ಟು ಅಗಲವಾದ ಪ್ರಶ್ನೆಯನ್ನು ಬದಿಗಿಟ್ಟು, ‘ಜೀವವಿರುವ ಮತ್ತು ಜೀವವಿಲ್ಲದ ವಸ್ತುಗಳ ನಡುವಿನ ವ್ಯತ್ಯಾಸ ಸಂಕೇತದಲ್ಲಿ ಎಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತದೆ, ಮತ್ತು ಅದು ಹಿಂದೆಂದೂ ತೋರಿಸದ ಚಿತ್ರಗಳಿಗೂ ಅನ್ವಯಿಸುತ್ತದೆಯೇ’ ಎಂಬಂತೆ ಇಕ್ಕಟ್ಟಾದ ಪ್ರಶ್ನೆಯನ್ನು ಬರೆದುಕೊಳ್ಳಿ. ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ಬಿದ್ದುಹೋಗುತ್ತದೆ ಎಂಬುದನ್ನೂ ಅದರ ಕೆಳಗೇ ಬರೆದಿಡಿ.

ಎರಡನೆಯ ಹೆಜ್ಜೆ: ಚಿತ್ರಗಳು

ಆರು ವರ್ಗಗಳು, ಪ್ರತಿ ವರ್ಗಕ್ಕೆ 12 ಚಿತ್ರಗಳು, ಒಟ್ಟು 72 ಎಂಬ ಅಳತೆ ಆರಂಭಿಕರಿಗೆ ಒಳ್ಳೆಯದು. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ಲೇರ್ ಕನೆಶಿರೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೂ ಇದೇ ಅಳತೆಯದು. ಅದರ ದತ್ತಾಂಶ ಎಲ್ಲರಿಗೂ ಮುಕ್ತವಾಗಿರುವುದರಿಂದ ನಿಮ್ಮ ವಿಶ್ಲೇಷಣೆಯ ಸಾಲುಗಳನ್ನು ಮೊದಲು ಅದರ ಮೇಲೆಯೇ ಪರೀಕ್ಷಿಸಿ ನೋಡಬಹುದು. ಇನ್ನೂ ದೊಡ್ಡ ಸಂಗ್ರಹ ಬೇಕೆಂದರೆ ‘ಥಿಂಗ್ಸ್’ ಎಂಬ ಚಿತ್ರಕೋಶದಲ್ಲಿ 1,854 ಬಗೆಯ ವಸ್ತುಗಳ 26,107 ಛಾಯಾಚಿತ್ರಗಳಿವೆ. ಆದರೆ ಅದನ್ನು ಕಣ್ಣುಮುಚ್ಚಿ ಬಳಸಬೇಡಿ. ಅದರ ಅಕಾರಾದಿಯ ಮೊದಲಿಗೇ ಬರುವ ಆರ್ಡ್‌ವಾರ್ಕ್ ಎಂಬ ಆಫ್ರಿಕಾದ ಪ್ರಾಣಿಯನ್ನು ಮಂಡ್ಯದ ಹುಡುಗಿಯೊಬ್ಬಳು ಕಂಡಿರುವ ಸಾಧ್ಯತೆ ಕಡಿಮೆ. ಅದೇ ಈಳಿಗೆಮಣೆಯನ್ನೋ ಒಳಕಲ್ಲನ್ನೋ ತೋರಿಸಿದರೆ ಅವಳು ಥಟ್ಟನೆ ಹೆಸರು ಹೇಳುತ್ತಾಳೆ. ಪರಿಚಯವಿಲ್ಲದ ವಸ್ತುವನ್ನು ನೋಡುವುದು ಮತ್ತು ಪರಿಚಯವಿರುವುದನ್ನು ಗುರುತಿಸುವುದು ಒಂದೇ ಕೆಲಸವಲ್ಲವಾದ್ದರಿಂದ, ಪ್ರಯೋಗದಲ್ಲಿ ಭಾಗವಹಿಸದ ಹತ್ತಾರು ಜನರಿಗೆ ಚಿತ್ರಗಳನ್ನು ಮುಂಚಿತವಾಗಿ ತೋರಿಸಿ, ಬಹುತೇಕರು ಒಂದೇ ಹೆಸರು ಹೇಳಿದ ಚಿತ್ರಗಳನ್ನಷ್ಟೇ ಉಳಿಸಿಕೊಳ್ಳಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಪ್ರಾಣಿಗಳೆಲ್ಲ ಹಸಿರು ಹುಲ್ಲಿನ ಮೇಲೆ ನಿಂತಿದ್ದು ಪಾತ್ರೆಗಳೆಲ್ಲ ಬಿಳಿ ಹಿನ್ನೆಲೆಯಲ್ಲಿದ್ದರೆ, ಮೆದುಳು ‘ಪ್ರಾಣಿ’ಯನ್ನು ಬೇರ್ಪಡಿಸಿತೋ ‘ಹುಲ್ಲು’ ಬಣ್ಣವನ್ನು ಬೇರ್ಪಡಿಸಿತೋ ಹೇಳಲಾಗದು. ಸುಮಾರು 100 ಮಿಲಿಸೆಕೆಂಡಿಗೆ ಬರುವ ಪಿ1 ಎಂಬ ಅಲೆ ಬೆಳಕಿನ ಪ್ರಮಾಣ ಮತ್ತು ಕಾಂಟ್ರಾಸ್ಟಿಗೆ ಬಹಳ ಸೂಕ್ಷ್ಮವಾಗಿರುತ್ತದೆ. ಆದ್ದರಿಂದ ಎಲ್ಲ ಚಿತ್ರಗಳಿಂದ ಹಿನ್ನೆಲೆಯನ್ನು ಕತ್ತರಿಸಿ ಒಂದೇ ಬೂದು ಬಣ್ಣದ ಮೇಲಿರಿಸಿ, ಗಾತ್ರವನ್ನು ಸಮನಾಗಿಸಿ, ಸರಾಸರಿ ಬೆಳಕು ಮತ್ತು ಕಾಂಟ್ರಾಸ್ಟನ್ನು ‘ಶೈನ್’ನಂಥ ತಂತ್ರಾಂಶದಿಂದ ಹೊಂದಿಸಿ. ಇಷ್ಟಾದ ಮೇಲೂ ಆಕಾರದ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಈ ತೊಡಕಿಗೆ ರುಫಿನ್ ವ್ಯಾನ್‌ರುಲ್ಲೆನ್ ಮತ್ತು ಥಾರ್ಪ್ 2001ರಲ್ಲಿ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿದೆ. ಅವರು ಅದೇ ಚಿತ್ರಗಳನ್ನಿಟ್ಟುಕೊಂಡು ಕೆಲಸವನ್ನಷ್ಟೇ ಬದಲಿಸಿದರು: ಒಮ್ಮೆ ಪ್ರಾಣಿಯನ್ನು ಹುಡುಕಲು, ಇನ್ನೊಮ್ಮೆ ವಾಹನವನ್ನು ಹುಡುಕಲು ಹೇಳಿದರು. ಆಗ 75–80 ಮಿಲಿಸೆಕೆಂಡಿಗೆ ಕಂಡ ವ್ಯತ್ಯಾಸ ಚಿತ್ರದ ಭೌತಿಕ ಗುಣಕ್ಕೆ ಸೇರಿದ್ದೆಂದೂ, ಸುಮಾರು 150ಕ್ಕೆ ಕಂಡದ್ದು ನೋಡುವವರ ನಿರ್ಧಾರಕ್ಕೆ ಸಂಬಂಧಿಸಿದ್ದೆಂದೂ ತಿಳಿಯಿತು.

ಮೂರನೆಯ ಹೆಜ್ಜೆ: ಚಿತ್ರಗಳ ಕ್ರಮ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಬಿಡುವಿದ್ದರೆ ಇದನ್ನು ಓದಿ.

2017ರಲ್ಲಿ ಕಂಪ್ಯೂಟರ್ ದೃಷ್ಟಿಯ ಪ್ರಮುಖ ಸಮ್ಮೇಳನವೊಂದರಲ್ಲಿ ಮಂಡನೆಯಾದ ಅಧ್ಯಯನವೊಂದು, ಆರು ಜನರಿಗೆ 40 ವರ್ಗಗಳ ಚಿತ್ರಗಳನ್ನು ತೋರಿಸಿ, ಅವರು ನೋಡುತ್ತಿದ್ದ ವರ್ಗವನ್ನು ಇಇಜಿಯಿಂದ ಸುಮಾರು ಶೇ. 83ರಷ್ಟು ನಿಖರವಾಗಿ ಹೇಳಬಹುದೆಂದು ವರದಿ ಮಾಡಿತು. ನಲವತ್ತರಲ್ಲಿ ಒಂದನ್ನು ಸುಮ್ಮನೆ ಊಹಿಸಿದರೆ ಸಿಗುವುದು ಶೇ. 2.5 ಮಾತ್ರ ಎಂಬುದನ್ನು ನೆನೆದರೆ ಇದು ಬೆರಗು ಹುಟ್ಟಿಸುವ ಸಂಖ್ಯೆ. ಆದರೆ ಅಲ್ಲಿ ಒಂದು ವರ್ಗದ 50 ಚಿತ್ರಗಳನ್ನು, ತಲಾ ಅರ್ಧ ಸೆಕೆಂಡಿನಂತೆ, ಒಟ್ಟಿಗೆ ಒಂದೇ ಕಂತಿನಲ್ಲಿ ತೋರಿಸಲಾಗಿತ್ತು. ಅಂದರೆ ಬೆಕ್ಕುಗಳೆಲ್ಲ ಮುಗಿದ ಮೇಲೆ ಗಡಿಯಾರಗಳು, ಗಡಿಯಾರಗಳು ಮುಗಿದ ಮೇಲೆ ಪಿಯಾನೋಗಳು ಎಂಬಂಥ ಕ್ರಮ. ಒಂದೇ ಕಂತಿನ ಕೆಲವು ಚಿತ್ರಗಳಿಂದ ಕಲಿತ ಗಣಕವನ್ನು ಅದೇ ಕಂತಿನ ಉಳಿದ ಚಿತ್ರಗಳ ಮೇಲೆ ಪರೀಕ್ಷಿಸಲಾಗಿತ್ತು.

ಇದರಲ್ಲಿ ತೊಡಕೇನು? ಇಇಜಿ ಸಂಕೇತವು ನಿಮಿಷದಿಂದ ನಿಮಿಷಕ್ಕೆ ನಿಧಾನವಾಗಿ ಜಾರುತ್ತಲೇ ಇರುತ್ತದೆ. ಎಲೆಕ್ಟ್ರೋಡಿನಡಿ ಹಚ್ಚಿದ ಜೆಲ್ ಒಣಗುತ್ತದೆ, ನೆತ್ತಿ ಬೆವರುತ್ತದೆ, ನೋಡುವವರಿಗೆ ತೂಕಡಿಕೆ ಬಂದು ಆಲ್ಫಾ ಎಂಬ ಮೆದುಳಿನ ತರಂಗ ಏರುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ. ಹೀಗಾಗಿ ಪ್ರತಿ 25 ಸೆಕೆಂಡಿನ ಕಂತಿಗೂ ತನ್ನದೇ ಆದ ಮುದ್ರೆಯೊಂದು ಬಿದ್ದಿರುತ್ತದೆ. ಆ ಮುದ್ರೆಯನ್ನು ಗುರುತಿಸಿದರೆ ಸಾಕು, ವರ್ಗ ತಾನಾಗಿಯೇ ಗೊತ್ತಾಗುತ್ತದೆ. ಮೆದುಳು ಬೆಕ್ಕನ್ನು ಕಂಡಿರಬೇಕಾದ ಅಗತ್ಯವೇ ಇಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಸಿಸ್ಕಿಂಡ್ ಮತ್ತು ಸಂಗಡಿಗರು ಪ್ರಯೋಗವನ್ನು ಮರಳಿ ಮಾಡಿ, ಚಿತ್ರಗಳ ಕ್ರಮವನ್ನು ಕಲಸಿದ ಕೂಡಲೇ ನಿಖರತೆ ಊಹೆಯ ಮಟ್ಟಕ್ಕೆ ಕುಸಿಯುವುದನ್ನು ತೋರಿಸಿದರು. ಕಲಸಿದ ಕ್ರಮದ ದತ್ತಾಂಶಕ್ಕೆ ಬೇಕೆಂದೇ ಕಂತಿಗೊಂದರಂತೆ ಸುಳ್ಳು ಹೆಸರುಗಳನ್ನು ಅಂಟಿಸಿದಾಗ ನಿಖರತೆ ಮತ್ತೆ ಮೇಲೇರಿತು. ಇಲ್ಲದ ಬೆಕ್ಕನ್ನೂ ಗಣಕ ‘ಕಂಡಿತು’ ಎಂದರೆ ಅದು ಕಾಣುತ್ತಿದ್ದದ್ದು ಗಡಿಯಾರದ ಮುಳ್ಳನ್ನೇ ಹೊರತು ಬೇರೇನನ್ನೂ ಅಲ್ಲ.

ಹಾಗಾಗಿ 72 ಚಿತ್ರಗಳನ್ನೂ ಒಂದೊಂದು ಸಲ ಒಳಗೊಂಡ ಕಂತನ್ನು ಕಟ್ಟಿ, ಪ್ರತಿ ಕಂತಿನೊಳಗೆ ಕ್ರಮವನ್ನು ಹೊಸದಾಗಿ ಕಲಸಿ. ಪ್ರತಿಯೊಬ್ಬ ವ್ಯಕ್ತಿಗೂ ಬೇರೆಯದೇ ಕ್ರಮವಿರಲಿ, ಒಂದೇ ವರ್ಗದ ಚಿತ್ರಗಳು ಸಾಲಾಗಿ ಮೂರು ಬಾರದಂತೆ ನಿಯಮವಿರಲಿ, ಮತ್ತು ತೋರಿಸಿದ ಕ್ರಮವನ್ನು ಕಡತದಲ್ಲಿ ಉಳಿಸಿಡಿ. ಚಿತ್ರವೊಂದಕ್ಕೆ 300 ಮಿಲಿಸೆಕೆಂಡು, ಆಮೇಲೆ 600ರಿಂದ 800 ಮಿಲಿಸೆಕೆಂಡು ಖಾಲಿ ಪರದೆ ಎಂದಿಟ್ಟುಕೊಂಡರೆ ಒಂದು ಕಂತು ಸುಮಾರು 72 ಸೆಕೆಂಡಿಗೆ ಮುಗಿಯುತ್ತದೆ. ಇಂಥ 40 ಕಂತುಗಳಿಗೆ 48 ನಿಮಿಷ ಸಾಕು, 2,880 ಪ್ರಯತ್ನಗಳು (ಒಂದು ಚಿತ್ರವನ್ನು ಒಮ್ಮೆ ತೋರಿಸಿದರೆ ಒಂದು ಪ್ರಯತ್ನ) ಕೈಗೆ ಸಿಗುತ್ತವೆ. ಖಾಲಿ ಪರದೆಯ ಅವಧಿ ಏರುಪೇರಾಗಿರಬೇಕು. ಇಲ್ಲದಿದ್ದರೆ ಮುಂದಿನ ಚಿತ್ರದ ಬರವನ್ನು ಮೆದುಳು ಮೊದಲೇ ನಿರೀಕ್ಷಿಸಲು ಕಲಿತುಬಿಡುತ್ತದೆ.

ನೋಡುವವರಿಗೆ ಏನಾದರೊಂದು ಕೆಲಸ ಕೊಡದಿದ್ದರೆ ಹತ್ತನೆಯ ನಿಮಿಷಕ್ಕೆ ಅವರು ಕಣ್ಣು ತೆರೆದೇ ನಿದ್ದೆ ಹೋಗಿರುತ್ತಾರೆ. ಪರದೆಯ ನಡುವಿನ ಚುಕ್ಕೆ ಆಗೊಮ್ಮೆ ಈಗೊಮ್ಮೆ ಕೆಂಪಾದಾಗ ಗುಂಡಿ ಒತ್ತಬೇಕೆಂಬ ಸರಳ ಕೆಲಸ ಸಾಕು. ಗುಂಡಿ ಒತ್ತಿದ ಪ್ರಯತ್ನಗಳನ್ನು ವಿಶ್ಲೇಷಣೆಯಿಂದ ಕೈಬಿಡಿ. ಆದರೆ ವರ್ಗಕ್ಕೊಂದರಂತೆ ಬೇರೆ ಬೇರೆ ಗುಂಡಿ ಇಡಬೇಡಿ; ಇಟ್ಟರೆ ಆಮೇಲೆ ನೀವು ಓದುವುದು ಬೆರಳಿನ ಚಲನೆಯನ್ನೇ.

ನಾಲ್ಕನೆಯ ಹೆಜ್ಜೆ: ಪರದೆ ಮತ್ತು ಸಮಯದ ಗುರುತು

60 ಹರ್ಟ್ಸ್‌ನ ಪರದೆ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚೌಕಟ್ಟನ್ನು ಬಿಡಿಸುತ್ತದೆ. 300 ಮಿಲಿಸೆಕೆಂಡೆಂದರೆ ನಿಖರವಾಗಿ 18 ಚೌಕಟ್ಟುಗಳು. 310 ಎಂದು ಬರೆದರೆ ಪರದೆ ಅದನ್ನು ಪಾಲಿಸಲಾರದು. ಅದಕ್ಕಿಂತ ಮುಖ್ಯವಾಗಿ, ‘ಚಿತ್ರ ತೋರಿಸು’ ಎಂದು ಕಂಪ್ಯೂಟರ್ ಆಜ್ಞೆ ಕೊಟ್ಟ ಕ್ಷಣಕ್ಕೂ ಬೆಳಕು ನಿಜವಾಗಿ ಕಣ್ಣಿಗೆ ಬೀಳುವ ಕ್ಷಣಕ್ಕೂ ಅಂತರವಿರುತ್ತದೆ. 150 ಮತ್ತು 170ರ ನಡುವಿನ ವ್ಯತ್ಯಾಸದ ಬಗ್ಗೆ ಮಾತಾಡಬೇಕೆಂದಿರುವವರು ಈ ಅಂತರವನ್ನು ಅಳೆಯದೆ ಮುಂದುವರಿಯುವಂತಿಲ್ಲ. ಪರದೆಯ ಮೂಲೆಯಲ್ಲಿ, ಚಿತ್ರದ ಜೊತೆಗೇ ಬೆಳಗುವ ಬಿಳಿ ಚೌಕವೊಂದನ್ನಿಟ್ಟು, ಅದರ ಮೇಲೆ ಬೆಳಕನ್ನು ಗ್ರಹಿಸುವ ಫೋಟೋಡಯೋಡ್ ಅಂಟಿಸಿ, ಅದರ ಸಂಕೇತವನ್ನು ಇಇಜಿಯ ಜೊತೆಗೇ ದಾಖಲಿಸಿ. ವಿಳಂಬ ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಒಮ್ಮೊಮ್ಮೆಗೆ ಒಂದೊಂದು ಬಗೆಯಾಗಿದ್ದರೆ ಮೊದಲು ಕಾರಣ ಹುಡುಕಿ.

ಪರದೆಯಿಂದ ಕಣ್ಣಿಗೆ 57 ಸೆಂಟಿಮೀಟರ್ ದೂರವಿದ್ದರೆ ಪರದೆಯ ಮೇಲಿನ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಒಂದು ಡಿಗ್ರಿ ದೃಷ್ಟಿಕೋನಕ್ಕೆ ಸಮ. ಹೀಗಾಗಿ ಲೆಕ್ಕ ಸುಲಭ: ಏಳು ಸೆಂಟಿಮೀಟರ್ ಅಗಲದ ಚಿತ್ರ ಏಳು ಡಿಗ್ರಿ.

ಐದನೆಯ ಹೆಜ್ಜೆ: ವ್ಯಕ್ತಿ, ಕೂದಲು, ಟೋಪಿ

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಭಾರತದಲ್ಲಿ ಇದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿ ಆಧಾರ. ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕಾದ್ದರಿಂದ ಕನ್ನಡದ ಪ್ರತಿಯನ್ನು ಅರ್ಜಿಯ ಜೊತೆಗೇ ಸಿದ್ಧಮಾಡಿಡಿ. ಮೂರ್ಛೆರೋಗದ ಹಿನ್ನೆಲೆಯಿದೆಯೇ, ಕನ್ನಡಕ ಹಾಕಿದ ಮೇಲೆ ದೃಷ್ಟಿ ಸರಿಯಿದೆಯೇ, ಯಾವ ಕೈ ರೂಢಿ ಎಂಬುದನ್ನು ಕೇಳಿ ಬರೆದುಕೊಳ್ಳಿ.

ವಿದೇಶದ ಕೈಪಿಡಿಗಳು ಅಷ್ಟಾಗಿ ಒತ್ತಿ ಹೇಳದ, ಆದರೆ ನಮ್ಮಲ್ಲಿ ನಿತ್ಯದ ತಲೆನೋವಾದ ವಿಷಯ ತಲೆಗೆ ಹಚ್ಚುವ ಎಣ್ಣೆ. ಕೊಬ್ಬರಿ ಎಣ್ಣೆಯ ತೆಳುಪದರವೂ ಜೆಲ್ ಚರ್ಮಕ್ಕೆ ತಾಗುವುದನ್ನು ತಡೆದು ವಿದ್ಯುತ್ ಪ್ರತಿರೋಧವನ್ನು ಏರಿಸುತ್ತದೆ. ಹಿಂದಿನ ದಿನವೇ ಕರೆ ಮಾಡಿ, ಬೆಳಿಗ್ಗೆ ಶಾಂಪೂ ಹಾಕಿ ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ, ಕೂದಲು ಪೂರ್ತಿ ಒಣಗಿಸಿಕೊಂಡು ಬರುವಂತೆ ತಿಳಿಸಿ. ಬಿಗಿಯಾದ ಜಡೆ, ಹೂವು, ಕ್ಲಿಪ್ಪುಗಳನ್ನು ತೆಗೆದಿಡಲು ಬಿಡುವು ಕೊಡಿ. ಹೆಂಗಸರ ತಲೆ ಮುಟ್ಟಿ ಟೋಪಿ ಕೂರಿಸುವ ಕೆಲಸಕ್ಕೆ ಮಹಿಳಾ ಸಹಾಯಕಿಯೊಬ್ಬರು ಇದ್ದರೆ ಬಂದವರಿಗೂ ಸಮಾಧಾನ, ಕೆಲಸವೂ ಚುರುಕು.

ಎಲೆಕ್ಟ್ರೋಡುಗಳ ಜಾಗವನ್ನು 1958ರಲ್ಲಿ ಹರ್ಬರ್ಟ್ ಜಾಸ್ಪರ್ ವಿವರಿಸಿದ 10–20 ಪದ್ಧತಿ ಮತ್ತು ಅದರ ವಿಸ್ತರಣೆಗಳು ನಿರ್ಧರಿಸುತ್ತವೆ. ಮೂಗಿನ ಬುಡದಿಂದ ತಲೆಯ ಹಿಂಬದಿಯ ಗುಬ್ಬಿನವರೆಗೆ ಟೇಪು ಹಿಡಿದು ಅಳೆದು, ಎಡಕಿವಿಯಿಂದ ಬಲಕಿವಿಗೂ ಅಳೆದು, ಎರಡೂ ಅಳತೆಗಳ ಮಧ್ಯಬಿಂದುಗಳು ಸೇರುವಲ್ಲಿ ನೆತ್ತಿಯ ಎಲೆಕ್ಟ್ರೋಡ್ ಕೂರಬೇಕು. ವಸ್ತು ಗುರುತಿಸುವಿಕೆಗೆ ಹಿಂಬದಿಯ ಒ1, ಒ2, ಪಿಒ7, ಪಿಒ8, ಪಿ7, ಪಿ8 ಜಾಗಗಳು ಪ್ರಾಣ. ದಿಂಬಿಗೋ ಕುರ್ಚಿಯ ಬೆನ್ನಿಗೋ ಒರಗಿದರೆ ಮೊದಲು ಕೆಡುವುದೂ ಇವೇ. ಸಾಮಾನ್ಯ ಎಲೆಕ್ಟ್ರೋಡುಗಳಲ್ಲಿ ಪ್ರತಿರೋಧವನ್ನು 5ರಿಂದ 10 ಕಿಲೋ ಓಮ್‌ಗಿಂತ ಕೆಳಗೆ ತನ್ನಿ. ಒಳಗೇ ಆಂಪ್ಲಿಫೈಯರ್ ಇರುವ ಬಗೆಯಲ್ಲಿ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ.

ಆರನೆಯ ಹೆಜ್ಜೆ: ದಾಖಲಾತಿ

ಸೆಕೆಂಡಿಗೆ 500 ಅಥವಾ 1,000 ಮಾದರಿಗಳ ವೇಗ ಸಾಕು. ಮೊಬೈಲು ಕೋಣೆಯ ಹೊರಗಿರಲಿ, ಆಂಪ್ಲಿಫೈಯರ್ ಬ್ಯಾಟರಿಯಿಂದ ನಡೆಯಲಿ, ಗೋಡೆಯ ವಿದ್ಯುತ್ತಿನಿಂದ ಬರುವ 50 ಹರ್ಟ್ಸ್ ಗದ್ದಲ ಜಾಸ್ತಿಯಿದ್ದರೆ ಫಿಲ್ಟರ್ ಹಾಕುವ ಮುನ್ನ ಕಟ್ಟಡದ ಅರ್ತಿಂಗ್ ಪರೀಕ್ಷಿಸಿ. ಶುರುವಿನಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿಸಿ, ಒಂದು ನಿಮಿಷ ತೆರೆಸಿ. ಮುಚ್ಚಿದಾಗ ಹಿಂಬದಿಯಲ್ಲಿ 8ರಿಂದ 13 ಹರ್ಟ್ಸ್‌ನ ಆಲ್ಫಾ ಎದ್ದು, ತೆರೆದಾಗ ಅಡಗಿದರೆ ಯಂತ್ರ, ಟೋಪಿ, ತಂತಿ ಎಲ್ಲವೂ ಹೆಚ್ಚುಕಡಿಮೆ ನೆಟ್ಟಗಿವೆ. ಬರ್ಗರ್ ಕಂಡದ್ದೂ ಇದನ್ನೇ. ಕೆಲವರಲ್ಲಿ ಆಲ್ಫಾ ಸಹಜವಾಗಿಯೇ ಸಣ್ಣದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಪ್ರತಿ ಕೆಲವು ಕಂತಿಗೊಮ್ಮೆ ಬಿಡುವು ಕೊಟ್ಟು, ಕಣ್ಣು ಮಿಟುಕಿಸಲು, ಹೆಗಲು ಸಡಿಲಿಸಲು ಹೇಳಿ, ಪ್ರತಿರೋಧವನ್ನು ಮತ್ತೆ ನೋಡಿ. ಕೆಮ್ಮು, ಹೊರಗಿನ ಸದ್ದು, ವಿದ್ಯುತ್ ಹೋಗಿ ಬಂದದ್ದು, ಎಲ್ಲವನ್ನೂ ಸಮಯದ ಸಮೇತ ಪುಸ್ತಕದಲ್ಲಿ ಬರೆದಿಡಿ.

ಏಳನೆಯ ಹೆಜ್ಜೆ: ಶುದ್ಧೀಕರಣ

ಎಂಎನ್ಇ-ಪೈಥಾನ್, ಇಇಜಿಲ್ಯಾಬ್, ಫೀಲ್ಡ್‌ಟ್ರಿಪ್ ಈ ಮೂರರಲ್ಲಿ ಯಾವುದನ್ನು ಬಳಸಿದರೂ ಸರಿ. ಕೆಟ್ಟ ಚಾನೆಲ್‌ಗಳನ್ನು (ಒಂದೊಂದು ಎಲೆಕ್ಟ್ರೋಡಿನ ಸಂಕೇತವೂ ಒಂದು ಚಾನೆಲ್) ಗುರುತಿಸಿ ಬದಿಗಿಡಿ. ಉಳಿದೆಲ್ಲದರ ಸರಾಸರಿಯನ್ನು ರೆಫರೆನ್ಸ್, ಅಂದರೆ ಹೋಲಿಕೆಯ ನೆಲೆ, ಮಾಡಿಕೊಳ್ಳುವುದು ಅದಾದ ಮೇಲೆ. ಕಿವಿಯ ಹಿಂಭಾಗದ ಮೂಳೆಯನ್ನು ರೆಫರೆನ್ಸ್ ಮಾಡಿಕೊಂಡರೆ, ಅದು ಪಿ7, ಪಿ8ಗಳಿಗೆ ತೀರ ಹತ್ತಿರವಿರುವುದರಿಂದ, ಎನ್170 ಕುಗ್ಗಿ ಕಾಣುತ್ತದೆ.

ನಿಧಾನದ ಏರಿಳಿತಗಳನ್ನು ಕತ್ತರಿಸುವ ಹೈಪಾಸ್ ಫಿಲ್ಟರಿನಲ್ಲಿ ಕೈ ಬಿಗಿಹಿಡಿಯಿರಿ. ಜಾರುವ ಸಂಕೇತ ಕಣ್ಣಿಗೆ ಹಿತವಾಗಿ ಕಾಣಲೆಂದು ಕೆಲವರು 1 ಹರ್ಟ್ಸ್‌ವರೆಗೆ ಕತ್ತರಿಸಿಬಿಡುತ್ತಾರೆ. ಹಾಗೆ ಮಾಡಿದಾಗ ತಡವಾಗಿ ಬರುವ ನಿಧಾನದ ಅಲೆಗಳ ಪ್ರಭಾವ ಹಿಂದಕ್ಕೆ ಚೆಲ್ಲಿ, ಚಿತ್ರ ಬರುವ ಮುಂಚೆಯೇ ವ್ಯತ್ಯಾಸವಿದ್ದಂತೆ ಭ್ರಮೆ ಹುಟ್ಟುತ್ತದೆ. 0.1 ಹರ್ಟ್ಸ್ ಸುರಕ್ಷಿತ. ಬೆರೆತ ಸಂಕೇತವನ್ನು ಘಟಕಗಳಾಗಿ ಬಿಡಿಸಿ ಕಣ್ಣು ಮಿಟುಕುವಿಕೆಯನ್ನು ತೆಗೆಯುವ ಐಸಿಎ ವಿಧಾನ 1 ಹರ್ಟ್ಸ್ ಫಿಲ್ಟರಾದ ದತ್ತಾಂಶದ ಮೇಲೆ ಚೆನ್ನಾಗಿ ಕೆಲಸ ಮಾಡುವುದರಿಂದ, ಹಾಗೆ ಫಿಲ್ಟರ್ ಮಾಡಿದ ಒಂದು ನಕಲಿನ ಮೇಲೆ ಅದನ್ನು ನಡೆಸಿ, ಸಿಕ್ಕ ಘಟಕಗಳನ್ನು 0.1 ಹರ್ಟ್ಸ್‌ನ ಮೂಲ ದತ್ತಾಂಶಕ್ಕೆ ಅನ್ವಯಿಸಿ. ಆಮೇಲೆ ಚಿತ್ರ ಬರುವ 200 ಮಿಲಿಸೆಕೆಂಡು ಮುಂಚಿನಿಂದ 800 ಮಿಲಿಸೆಕೆಂಡು ನಂತರದವರೆಗೆ ತುಂಡುಗಳಾಗಿ ಕತ್ತರಿಸಿ, ಮುಂಚಿನ ಅವಧಿಯ ಸರಾಸರಿಯನ್ನು ಕಳೆದು, 100 ಮೈಕ್ರೋವೋಲ್ಟ್ ಮೀರಿ ಜಿಗಿದ ತುಂಡುಗಳನ್ನು ಬಿಟ್ಟುಬಿಡಿ. ಈ ಮಿತಿಗಳನ್ನೆಲ್ಲ ಫಲಿತಾಂಶ ನೋಡುವ ಮೊದಲೇ ನಿರ್ಧರಿಸಿರಬೇಕು.

ಎಂಟನೆಯ ಹೆಜ್ಜೆ: ಸರಾಸರಿ, ಆಮೇಲೆ ಡಿಕೋಡಿಂಗ್

ಮೊದಲು ಹಳೆಯ ದಾರಿಯಲ್ಲೇ ಹೋಗಿ: ವರ್ಗವಾರು ಸರಾಸರಿ ತೆಗೆದು ಅಲೆಗಳನ್ನು ಕಣ್ಣಾರೆ ನೋಡಿ. ಪ್ರಯತ್ನಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಗದ್ದಲ ಇಳಿಯುವುದರಿಂದ 100 ಪ್ರಯತ್ನಗಳ ಸರಾಸರಿಯಲ್ಲಿ ಅದು ಹತ್ತನೇ ಒಂದಾಗುತ್ತದೆ. ಪಿ1 ಕಾಣದಿದ್ದರೆ ಚಿತ್ರ ಬಂದ ಕ್ಷಣವನ್ನು ಗುರುತಿಸುವ ಟ್ರಿಗರ್‌ನಲ್ಲೋ ಹಿಂಬದಿಯ ಚಾನೆಲ್‌ಗಳಲ್ಲೋ ಏನೋ ಕೆಟ್ಟಿದೆ, ಮುಂದೆ ಹೋಗಬೇಡಿ.

ಡಿಕೋಡಿಂಗ್‌ನಲ್ಲಿ ಪ್ರತಿ ಕ್ಷಣದ ಎಲ್ಲ ಚಾನೆಲ್‌ಗಳ ವೋಲ್ಟೇಜನ್ನು ಒಟ್ಟಾಗಿ, ಉದಾಹರಣೆಗಳಿಂದ ಕಲಿತು ವರ್ಗ ವಿಂಗಡಿಸುವ ಕ್ಲಾಸಿಫೈಯರ್‌ಗೆ ಕೊಟ್ಟು, ಅದು ವರ್ಗವನ್ನು ಹೇಳಬಲ್ಲದೇ ಎಂದು ನೋಡುತ್ತೇವೆ. ಎಲ್‌ಡಿಎ ಎಂಬ ಸರಳವಾದ ರೇಖೀಯ ಕ್ಲಾಸಿಫೈಯರ್ ಸಾಕು. ದತ್ತಾಂಶ ಕಡಿಮೆಯಿರುವಾಗ ಆಳವಾದ ನರಜಾಲದ ಮೋಹ ಬೇಡ. ಇಲ್ಲಿ ಎರಡು ನಿಯಮಗಳನ್ನು ಮೀರಬಾರದು. ಕಲಿಕೆಯ ಪ್ರಯತ್ನಗಳೂ ಪರೀಕ್ಷೆಯ ಪ್ರಯತ್ನಗಳೂ ಬೇರೆ ಬೇರೆ ಕಂತುಗಳಿಂದ ಬರಬೇಕು. ವರ್ಗದ ಬಗ್ಗೆ ಮಾತಾಡುವಾಗ, ಪರೀಕ್ಷೆಯ ಚಿತ್ರಗಳು ಕಲಿಕೆಯಲ್ಲಿ ಇದ್ದಿರಲೇಬಾರದು. ಹನ್ನೆರಡು ಹಸುಗಳಲ್ಲಿ ಹತ್ತರಿಂದ ಕಲಿತು, ಉಳಿದೆರಡನ್ನು ಹಸುವೆಂದು ಹೇಳಿದರೆ ಮಾತ್ರ ಅದು ಹಸುವಿನ ಗುರುತು, ಇಲ್ಲದಿದ್ದರೆ ಆ ಛಾಯಾಚಿತ್ರಗಳದ್ದು.

ನಿಖರತೆ ಎಷ್ಟು ಬಂದೀತು? ಕನೆಶಿರೊ ತಂಡಕ್ಕೆ ಆರು ವರ್ಗಗಳಲ್ಲಿ ಸಿಕ್ಕದ್ದು ಸುಮಾರು ಶೇ. 41, ಊಹೆಯ ಮಟ್ಟ ಶೇ. 16.7. ನಿಮಗೆ ಶೇ. 90 ಬಂದರೆ ಸಿಹಿ ಹಂಚುವ ಮುನ್ನ ಮೂರನೆಯ ಹೆಜ್ಜೆಗೆ ಮರಳಿ. ಅದಕ್ಕೊಂದು ನೇರ ಪರೀಕ್ಷೆಯೂ ಇದೆ: ಚಿತ್ರ ಬರುವ ಮುಂಚಿನ 200 ಮಿಲಿಸೆಕೆಂಡಿನಲ್ಲಿ ಡಿಕೋಡಿಂಗ್ ಊಹೆಯ ಮಟ್ಟದಲ್ಲೇ ಇರಬೇಕು. ಇದನ್ನು ನೋಡುವಾಗ ಮುಂಚಿನ ಅವಧಿಯ ಸರಾಸರಿಯನ್ನು ಕಳೆಯದ ದತ್ತಾಂಶದ ಮೇಲೂ ಒಮ್ಮೆ ನಡೆಸಿ, ಏಕೆಂದರೆ ಕಳೆಯುವ ಕ್ರಿಯೆಯೇ ಜಾರುವಿಕೆಯ ಕುರುಹನ್ನು ಅಳಿಸಿಹಾಕಿರಬಹುದು. ಇನ್ನೂ ಬಾರದ ಚಿತ್ರವನ್ನು ಮೆದುಳು ಗುರುತಿಸಿದೆಯೆಂದು ನಿಮ್ಮ ರೇಖೆ ಹೇಳುತ್ತಿದ್ದರೆ ಕ್ರಮದಲ್ಲಿ, ಫಿಲ್ಟರಿನಲ್ಲಿ ಅಥವಾ ಕಲಿಕೆ-ಪರೀಕ್ಷೆಗಳ ವಿಂಗಡಣೆಯಲ್ಲಿ ಸೋರಿಕೆಯಿದೆ.

ಒಂಬತ್ತನೆಯ ಹೆಜ್ಜೆ: ಸಂಖ್ಯೆಗಳ ಅರ್ಥ

ನೂರಾರು ಕ್ಷಣಗಳಲ್ಲಿ ಪ್ರತಿಯೊಂದನ್ನೂ ಬೇರೆಯಾಗಿ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿಯೇ ‘ಗಣನೀಯ’ವಾಗುತ್ತವೆ. 2007ರಲ್ಲಿ ಎರಿಕ್ ಮಾರಿಸ್ ಮತ್ತು ರಾಬರ್ಟ್ ಓಸ್ಟೆನ್‌ವೆಲ್ಡ್ ಇಇಜಿಗೆ ಅಳವಡಿಸಿದ ಗುಂಪು ಆಧಾರಿತ ಪರ್ಮ್ಯುಟೇಶನ್ ಪರೀಕ್ಷೆ (ವ್ಯತ್ಯಾಸ ಕಂಡ ಅಕ್ಕಪಕ್ಕದ ಕ್ಷಣಗಳನ್ನು ಒಂದು ಗುಂಪಾಗಿಸಿ, ಹೆಸರುಗಳನ್ನು ಮತ್ತೆ ಮತ್ತೆ ಕಲಸಿದಾಗ ಸಿಗುವ ಗುಂಪುಗಳೊಂದಿಗೆ ಹೋಲಿಸುವುದು) ಇದಕ್ಕೆ ರೂಢಿಯ ಮದ್ದು. ಆದರೆ ಗುಂಪು 132ನೇ ಮಿಲಿಸೆಕೆಂಡಿಗೆ ಶುರುವಾಯಿತೆಂದ ಮಾತ್ರಕ್ಕೆ ಗುರುತಿಸುವಿಕೆ ಆಗಲೇ ಶುರುವಾಯಿತೆಂದು ಬರೆಯಬೇಡಿ. ಆ ಪರೀಕ್ಷೆ ವ್ಯತ್ಯಾಸವಿದೆ ಎನ್ನುತ್ತದೆಯೇ ಹೊರತು ಅದರ ಅಂಚನ್ನು ನಿಖರವಾಗಿ ಗುರುತಿಸುವುದಿಲ್ಲ. ಹಾಗೆಯೇ, ಸಂಕೇತದಲ್ಲಿ ನಮಗೆ ಓದಲು ಸಿಕ್ಕ ಮಾಹಿತಿಯನ್ನು ಮೆದುಳು ತಾನೂ ಬಳಸುತ್ತಿದೆ ಎನ್ನಲು ಡಿಕೋಡಿಂಗ್ ಒಂದೇ ಸಾಕ್ಷಿಯಾಗದು. ನೋಡುವವರ ಉತ್ತರದ ವೇಗವೋ ತಪ್ಪುಗಳೋ ಆ ಸಂಕೇತದ ಜೊತೆಗೆ ಏರಿಳಿದರೆ ಮಾತಿಗೆ ಬಲ ಬರುತ್ತದೆ.

ಮುಂದಿನ ಮೆಟ್ಟಿಲು ಹತ್ತುವ ಆಸೆಯಿದ್ದರೆ, 72 ಚಿತ್ರಗಳಿಂದಾಗುವ 2,556 ಜೋಡಿಗಳಲ್ಲಿ ಪ್ರತಿಯೊಂದೂ ಪ್ರತಿ ಕ್ಷಣದಲ್ಲಿ ಎಷ್ಟು ಸುಲಭವಾಗಿ ಬೇರ್ಪಡುತ್ತದೆಂಬ ಕೋಷ್ಟಕವನ್ನು ಕಟ್ಟಿ, ಅದನ್ನು ಜನರು ಕೊಟ್ಟ ಹೋಲಿಕೆಯ ಅಂಕಗಳೊಂದಿಗೋ ಕೃತಕ ನರಜಾಲದ ಪದರಗಳೊಂದಿಗೋ ತೂಗಿ ನೋಡಬಹುದು. ಸ್ವಂತ ಪ್ರಯೋಗಾಲಯವಿಲ್ಲದವರಿಗೂ ಈ ದಾರಿ ತೆರೆದಿದೆ. 2022ರಲ್ಲಿ ಥಿಂಗ್ಸ್ ಚಿತ್ರಗಳನ್ನೇ ಬಳಸಿ ಎರಡು ದೊಡ್ಡ ಇಇಜಿ ಸಂಗ್ರಹಗಳು ಮುಕ್ತವಾಗಿ ಪ್ರಕಟವಾದವು: ಒಂದರಲ್ಲಿ 50 ಜನರು 22,248 ಚಿತ್ರಗಳನ್ನು ಸೆಕೆಂಡಿಗೆ ಹತ್ತರಂತೆ ನೋಡಿದ್ದಾರೆ, ಇನ್ನೊಂದರಲ್ಲಿ ಹತ್ತು ಜನರು ತಲಾ 82,160 ಪ್ರಯತ್ನಗಳನ್ನು ಕೂತು ಮುಗಿಸಿದ್ದಾರೆ. ಎರಡನ್ನೂ ಇಳಿಸಿಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ, ಚಿತ್ರಗಳ ಕ್ರಮದ ಕಡತವನ್ನು ತೆರೆದು ಓದುವುದು.